ಗಂಟೆ ಹೊಡೆದಿತ್ತು

ಮಸ್ಕಿಯ ಆ ಗೆಳೆಯನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇನ್ನು ಮುಚ್ಚಿಟ್ಟು ಏನಾಗಬೇಕಿದೆ? ನಿಜಾಮರ ಕಾಲದಲ್ಲಿ ಲಿಂಗಸೂಗೂರಿನಿಂದ ನಾನು, ಮಸ್ಕಿಯಿಂದ ಅವನು, ಒಂದೇ ಬಸ್ಸಿನಲ್ಲಿ ಸಿಂಧನೂರು ದಾಟಿ ಹೈದರಾಬಾದಿಗೆ ಓದಲು ಹೋದವರು. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಾನು ಪುಟಗಟ್ಟಲೆ ಬಾಯಿಪಾಠ ಮಾಡಿ ತರಗತಿಗೇ ಮೊದಲಿಗನಾದೆ. ಅವನ ಉರ್ದು ಕುಂಟುತ್ತಿತ್ತು. ಆದರೂ ಇತಿಹಾಸದ ಮೇಷ್ಟ್ರು ಪಾಠ ಮುಗಿಸಿ ನೋಡುತ್ತಿದ್ದುದು ಅವನ ಮುಖವನ್ನೇ.

ಒಂದು ದಿನ ಅವನು ಎದ್ದು ನಿಂತ. ನಮ್ಮೂರ ಬಂಡೆಯ ಮೇಲೆ ರಾಜನೊಬ್ಬ ಶಾಸನ ಕೆತ್ತಿಸಿದ್ದಾನೆ, ಓದಬಲ್ಲವರು ಊರಲ್ಲಿ ಒಬ್ಬರೂ ಇಲ್ಲ. ಮನೆಯವರಿಗೆ ತಿಳಿಯದ ಭಾಷೆಯಲ್ಲಿ ಕಲಿತು ಹೋದರೆ ನಾವೂ ಆ ಬಂಡೆಯ ಹಾಗೇ ಅಲ್ಲವೇ, ಎಂದು ಕೇಳಿದ. ಮೇಷ್ಟ್ರು ಪುಸ್ತಕ ಮುಚ್ಚಿ ಮಾತಿಗಿಳಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅದೇ ಬಂಡೆಯ ಮೇಲೆ ಅವನ ಜೊತೆ ಕೂತು ನಾನೂ ಚುರುಮುರಿ ತಿಂದಿದ್ದೆ. ಆ ಮಾತು ನನಗೇಕೆ ಹೊಳೆಯಲಿಲ್ಲ?

ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಆಗ ಅನುಮತಿಯಿಲ್ಲದೆ ಸಭೆ ಸೇರುವಂತಿರಲಿಲ್ಲ. ಗಂಟೆಯೊಳಗೆ ಆಡಿದ್ದಾದರೆ ಪಾಠ, ಗಂಟೆ ಮೀರಿದರೆ ಜಲ್ಸಾ, ಅಂದರೆ ಸಭೆ. ಮೇಷ್ಟ್ರು ತಮಗೆ ಗಂಟೆ ಕೇಳಿಸಲಿಲ್ಲ ಎಂದರು. ಹುಡುಗರೆಲ್ಲ ಹಾಗೇ ಹೇಳಿದರು. ವಿಚಾರಣೆಗೆ ಬಂದ ಅಧಿಕಾರಿ ನನಗೆ ಮಾತ್ರ ಕುರ್ಚಿ ಕೊಟ್ಟು ಕೂರಿಸಿ ಕೇಳಿದ.

“ಹೊಡೆದಿತ್ತು,” ಎಂದೆ.

ಹೇಳಿದ್ದು ನಿಜವೇ. ಹೇಳಿಸಿದ್ದು ಹೊಟ್ಟೆಕಿಚ್ಚು. ವಾರದೊಳಗೆ ಕಾಲೇಜಿನ ಪಟ್ಟಿಯಿಂದ ಗೆಳೆಯನ ಹೆಸರು ಹೊಡೆದುಹಾಕಿದರು. ಮೇಷ್ಟ್ರಿಗೆ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು.

ಪದವಿ ಮುಗಿಸಿ ಊರಿಗೆ ಬರುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ನೀರು ಕುಡಿಯಲು ಇಳಿದೆ. ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ಕೂತಿದ್ದ ಗೆಳೆಯ ಅದನ್ನು ಬಿಟ್ಟು ಓಡಿಬಂದ.

“ಫಸ್ಟ್ ಬಂದೀಯಂತಲ್ಲಲೇ! ನಮ್ಮ ಗೆಳೆಯಾನ ಬಂದಾನ ಅಂತ ಊರೆಲ್ಲ ಹೇಳೀನಿ.”

ಅಂದು ಸಾಕ್ಷಿ ಹೇಳಿದವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಆ ಖುಷಿ ಕಂಡೂ ನನಗೆ ಸಂಕಟವಾಯಿತು.

“ಈಗ ಕ್ಲಾಸಿನ್ಯಾಗ ಯಾರು ಪ್ರಶ್ನೆ ಕೇಳ್ತಾರ?”

“ಯಾರೂ ಕೇಳಂಗಿಲ್ಲ. ಮೇಷ್ಟ್ರು ಓದ್ತಾರ, ನಾವು ಬರ್ಕೋತೀವಿ.”

ಅವನು ತಲೆ ತಗ್ಗಿಸಿದ. “ನನ್ನಿಂದ ಅವರ ಬಾಯಿ ಕಟ್ಟಿತು. ಸಿಟ್ಟಾಗ್ಯಾರೇನು? ನನಗೇನರ ಹೇಳಿ ಕಳಿಸ್ಯಾರೇನು?”

ಕಳಿಸಿದ್ದರು. ಹೊರಡುವ ದಿನ ನನ್ನನ್ನು ಮನೆಗೆ ಕರೆದು, ‘ಅವನಂಥ ವಿದ್ಯಾರ್ಥಿ ನನಗೆ ಮತ್ತೆ ಸಿಗಲಿಲ್ಲ, ತಪ್ಪದೆ ತಿಳಿಸು’ ಎಂದಿದ್ದರು. ನನ್ನ ಮೊದಲ ಸ್ಥಾನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

“ಏನೂ ಹೇಳಿಲ್ಲ,” ಎಂದು ಬಸ್ಸು ಹತ್ತಿದೆ.