ಗೊಂಚಲಿನ ತುದಿಯ ಹಣ್ಣು

ಉತ್ತಮಪಾಳಯಂ ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ಲ್ಯಾಬೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದೇನೆ. ಸೂಜಿ ಕಂಡು ಹೆದರುವವರನ್ನು ಸಹಿಸಬಲ್ಲೆ. ಸುಳ್ಳು ಹೇಳುವವರನ್ನೂ ಸಹಿಸಬಲ್ಲೆ. ತಿಂದದ್ದು ತಿಂದದ್ದೆಂದೇ ತಿಳಿಯದವರನ್ನು ಕಂಡರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿರುತ್ತೇನೆ. ಬಂದು ಕೂತು ತೋಳು ಚಾಚುತ್ತಾರೆ. ಏನಾದರೂ ತಿಂದಿರಾ ಎಂದರೆ, "ಅಯ್ಯೋ, ಏನೂ ಇಲ್ಲವ್ವ, ಬರೀ ಟೀ." ಟೀ ಜೊತೆಗೆ? "ಸುಮ್ನೆ ಎರಡು ಬನ್ನು." ಆ ಬನ್ನು ಯಾರ ಹೊಟ್ಟೆಗೆ ಹೋಯಿತು ಮಾರಾಯರೇ? ಇನ್ನು ಕೆಲವರು ಮೂರು ದಿನ ಮುಂಚಿನಿಂದ ಹಾಗಲಕಾಯಿ ರಸ ಕುಡಿದು ಬರುತ್ತಾರೆ, ರಿಸಲ್ಟ್ ಚೆನ್ನಾಗಿ ಬಂತೆಂದು ಹೋಗುವ ದಾರಿಯಲ್ಲೇ ಪರೋಟ ತಿನ್ನುತ್ತಾರೆ. ಅಂಥವರಿಗೆಂದೇ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಇದೆ. ಅದರ ಮುಂದೆ ಹಾಗಲಕಾಯಿಯ ಆಟ ನಡೆಯುವುದಿಲ್ಲ.

ಇಷ್ಟೆಲ್ಲ ಕಂಡವಳಿಗೂ ನನ್ನ ಸ್ವಂತ ಅಣ್ಣ ಚೆನ್ನಾಗಿ ನೀರು ಕುಡಿಸಿದ.

ಅಣ್ಣನಿಗೆ ಅರವತ್ತೊಂದು ವರ್ಷ. ಕಾಮಯಗೌಂಡನ್‌ಪಟ್ಟಿಯಲ್ಲಿ ದ್ರಾಕ್ಷಿ ತೋಟ. ತೋಟದಿಂದ ಮನೆಗೆ ನಡೆದು ಬರುವಾಗ ದಾರಿಯಲ್ಲಿ ಎರಡು ಸಲ ನಿಂತು ಎದೆ ಹಿಡಿದುಕೊಳ್ಳುತ್ತಾನೆ ಎಂದು ಅತ್ತಿಗೆ ಫೋನ್ ಮಾಡಿದಾಗ, ಕೆಲಸಕ್ಕೆ ರಜೆ ಹಾಕಿ ಅವನನ್ನು ಮದುರೆಗೆ ಕರೆದುಕೊಂಡು ಹೋದೆ. ಹೃದಯದ ರಕ್ತನಾಳ ಎರಡು ಕಡೆ ಕಿರಿದಾಗಿತ್ತು. ಸಕ್ಕರೆ ಹೆಚ್ಚು, ರಕ್ತದಲ್ಲಿ ಕೊಬ್ಬು ಹೆಚ್ಚು, ಬಿಪಿ ಹೆಚ್ಚು, ಹೊಟ್ಟೆಯ ಸುತ್ತಳತೆ ಹೆಚ್ಚು ಎಂದು ಡಾಕ್ಟರು ಒಂದೊಂದಾಗಿ ಬೆರಳು ಮಡಚಿದರು. ಇವೆಲ್ಲ ಸೇರಿ ಮೈಯೊಳಗೆ ಒಂದು ಉರಿಯೂತ ಹತ್ತಿಕೊಂಡಿದೆ, ಹೊರಗೆ ಬಾವಿಲ್ಲ, ನೋವಿಲ್ಲ, ಆದರೆ ರಕ್ತನಾಳದ ಗೋಡೆಯನ್ನು ಒಳಗಿನಿಂದಲೇ ಕೆಡಿಸುತ್ತಿದೆ ಎಂದರು. ಮೂರು ತಿಂಗಳು ಮಾತ್ರೆ, ಪಥ್ಯ, ನಡಿಗೆ. ಅಷ್ಟರಲ್ಲಿ ಇವು ಇಳಿದರೆ ಸರಿ, ಇಳಿಯದಿದ್ದರೆ ಎದೆ ತೆರೆಯಬೇಕು.

ವಾಪಸು ಬರುವ ಬಸ್ಸಿನಲ್ಲಿ ಅಣ್ಣ ಆಡಿದ್ದು ಒಂದೇ ಮಾತು. "ಎದೆ ತೆರೆದ್ರೆ, ತಿರುಗಿ ದ್ರಾಕ್ಷಿ ಚಪ್ಪರದ ಕೆಳಗೆ ಕೈ ಎತ್ತಿ ನಿಲ್ಲಕ್ಕೆ ಆಗ್ತದಾ ಅವ್ವಾ?"

ಆಗುತ್ತದೋ ಇಲ್ಲವೋ, ತೆರೆಯುವ ಹಂತಕ್ಕೆ ಹೋಗಲು ನಾನು ಬಿಡುವುದಿಲ್ಲ ಎಂದೆ. ಎಂಥ ಧೈರ್ಯ ನನ್ನದು!

ಮಾರನೆಯ ದಿನವೇ ಅವನ ಅಡುಗೆಮನೆಗೆ ನುಗ್ಗಿದೆ. ಅನ್ನ ಅರ್ಧಕ್ಕೆ ಇಳಿಸಿದೆ. ರಾತ್ರಿಗೆ ಮುದ್ದೆಯಂಥ ರಾಗಿ ಕಳಿ, ಬೆಳಿಗ್ಗೆ ಸಿರಿಧಾನ್ಯದ ಉಪ್ಪಿಟ್ಟು, ಟೀಗೆ ಸಕ್ಕರೆ ಇಲ್ಲ. ನೆಂಟರು ಬಂದು ಮೂಗು ಮುರಿದರು. "ಕಾಲು ನೋಡು, ಕಡ್ಡಿ ಹಂಗಿದೆ, ಇವನಿಗೆ ಕೊಬ್ಬಾ? ಪಾವಂ, ಪಾಪದವನು, ಹೊಟ್ಟೆಗೆ ಹಾಕದೆ ಕೊಲ್ತೀರಾ?" ಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಗುಡಾಣವಾಗಿದ್ದರೆ ಅದೇ ಅಪಾಯ ಎಂದು ಎಷ್ಟು ಸಲ ಹೇಳಲಿ? ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣ ಮಾತ್ರ ತಲೆ ತಗ್ಗಿಸಿಕೊಂಡು ಕೊಟ್ಟಷ್ಟು ತಿಂದು ಎದ್ದು ಹೋಗುತ್ತಿದ್ದ. ಅಂಥ ಸಾಧು ರೋಗಿಯನ್ನು ನಾನು ಕಂಡಿರಲಿಲ್ಲ.

ಒಂದು ತಿಂಗಳಾಯಿತು. ರಕ್ತ ನಾನೇ ತೆಗೆದೆ, ನಾನೇ ಪರೀಕ್ಷೆಗೆ ಇಟ್ಟೆ. ಸಕ್ಕರೆ ಇಳಿದಿರಲಿಲ್ಲ. ರಕ್ತದ ಕೊಬ್ಬು ಇನ್ನಷ್ಟು ಏರಿತ್ತು. ಯಂತ್ರ ಕೆಟ್ಟಿದೆಯೆಂದು ಮತ್ತೊಮ್ಮೆ ಹಾಕಿದೆ. ಯಂತ್ರ ಸರಿಯಾಗಿಯೇ ಇತ್ತು. ನೇರ ಅತ್ತಿಗೆಯ ಮುಂದೆ ಹೋಗಿ ನಿಂತೆ.

"ಅತ್ಗೆ, ನಿಜ ಹೇಳು. ನಾನಿಲ್ಲದಾಗ ಏನ್ ಕೊಡ್ತಿದೀಯ?"

"ನೀ ಬರ್ಕೊಟ್ಟಿದ್ದು ಬಿಟ್ಟು ಒಂದು ತುತ್ತು ಕೊಟ್ಟಿಲ್ಲ."

"ಹಂಗಾರೆ ಸಕ್ಕರೆ ಗಾಳೀಲಿ ಬಂತಾ?"

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆಮೇಲೆ ಒಂದು ತಿಂಗಳಿಗೂ ಹೆಚ್ಚು ನನ್ನ ಜೊತೆ ಮಾತಾಡಲಿಲ್ಲ. ನಾನು ಹೋದರೆ ಮುಂದೆ ನೀರಿನ ಚೊಂಬು ಇಟ್ಟು ಹೊರಟುಬಿಡುತ್ತಿದ್ದಳು. ಅಳುವುದೆಲ್ಲ ನಾಟಕ ಎಂದುಕೊಂಡೆ. ದೇವರು ನನ್ನನ್ನು ಕ್ಷಮಿಸಲಿ.

ಎರಡನೆಯ ತಿಂಗಳೂ ಅದೇ ಕಥೆ. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಅತ್ತಿಗೆಯಲ್ಲದಿದ್ದರೆ ಟೀ ಅಂಗಡಿಯೇ ಇರಬೇಕೆಂದು ಹೋಗಿ ಅಂಗಡಿಯವರ ಮೇಲೆ ಹರಿಹಾಯ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ನಿಮ್ಮಣ್ಣ ಸಕ್ಕರೆ ಇಲ್ಲದ ಟೀ ಕೇಳ್ತಾರೆ, ಅದನ್ನೂ ಅರ್ಧ ಬಿಟ್ಟು ಹೋಗ್ತಾರೆ" ಎಂದರು. ಸುತ್ತ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮುಖ ಎಲ್ಲಿಡಲಿ?

ಮೂರನೆಯ ತಿಂಗಳು ಶುರುವಾದಾಗ ನನಗೆ ನಿದ್ದೆ ಹಾರಿಹೋಗಿತ್ತು. ಒಂದು ಭಾನುವಾರ ಬೆಳಿಗ್ಗೆ ಬೆರಳು ಚುಚ್ಚಿ ನೋಡುವ ಮೀಟರನ್ನು ಕೈಚೀಲಕ್ಕೆ ಹಾಕಿಕೊಂಡು, ಹೇಳದೆ ಕೇಳದೆ ತೋಟದ ಕಡೆ ನಡೆದೆ.

ಅಣ್ಣ ತನ್ನ ತೋಟದಲ್ಲಿರಲಿಲ್ಲ, ಪಕ್ಕದವರ ತೋಟದಲ್ಲಿದ್ದ. ನಮ್ಮಲ್ಲಿ ಪನ್ನೀರು ದ್ರಾಕ್ಷಿ ಕೊಯ್ಯುವ ಮುಂಚೆ ಯಾರಾದರೂ ತಿಂದು ನೋಡಿ, ಸಿಹಿ ಕೂಡಿದೆಯೇ ಎಂದು ಹೇಳಬೇಕು. ಗೊಂಚಲಿನ ಮೇಲಿನ ಹಣ್ಣು ಬೇಗ ಸಿಹಿಯಾಗುತ್ತದೆ, ತುದಿಯದು ಕಡೆಗೆ. ಆ ತುದಿಯ ಒಂದು ಹಣ್ಣು ಬಾಯಿಗೆ ಹಾಕಿ ಅಣ್ಣ "ಕೊಯ್ಯಿ" ಎಂದರೆ ತೋಟದವನೂ ಒಪ್ಪುತ್ತಿದ್ದ, ವ್ಯಾಪಾರಿಯೂ ಒಪ್ಪುತ್ತಿದ್ದ. ಮೂವತ್ತು ವರ್ಷದಿಂದ ಬೆಳಿಗ್ಗೆ ನಾಲ್ಕು ತೋಟ ಸುತ್ತುವುದು ಅವನ ಕೆಲಸ. ನನಗೆ ಇದು ಗೊತ್ತಿರಲಿಲ್ಲವೇ? ಚಿಕ್ಕಂದಿನಲ್ಲಿ ಅಪ್ಪ ಮಾಡುವುದನ್ನು, ಆಮೇಲೆ ಇವನು ಮಾಡುವುದನ್ನು ನೋಡಿದ್ದೇನೆ. ಆದರೆ ಅದೂ ತಿನ್ನುವುದೇ ಎಂದು ನಾನೂ ಲೆಕ್ಕಕ್ಕೆ ಹಿಡಿದಿರಲಿಲ್ಲ! ಬನ್ನು ತಿಂದು ಬಂದವರನ್ನು ಬೈಯುತ್ತಿದ್ದ ಮಹಾತಾಯಿ ನಾನು.

ಅಂದು ಚಪ್ಪರದ ಕೆಳಗೆ ಕಂಡದ್ದು ಒಂದು ಹಣ್ಣಲ್ಲ. ಅಣ್ಣ ಗೊಂಚಲಿಗೆ ಕೈ ಹಾಕಿ ಹಿಡಿ ತುಂಬ ಕಿತ್ತು ಬಾಯಿಗೆ ತುಂಬಿಕೊಂಡ. ಕಣ್ಣು ಮುಚ್ಚಿ ಅಗಿದ. ಮತ್ತೊಂದು ಹಿಡಿ ಕಿತ್ತ. ಮುಂದಿನ ಬಳ್ಳಿಗೆ ಹೋಗಿ ಅಲ್ಲೂ ಅದನ್ನೇ ಮಾಡಿದ.

"ಅಣ್ಣಾ!" ಎಂದು ಕಿರುಚಿದೆ. ಬೆಚ್ಚಿ ತಿರುಗಿದ. ಅವನ ಕೈ ಎಳೆದು, ನೀರಲ್ಲಿ ತೊಳೆದು, ಒರೆಸಿ, ಬೆರಳು ಚುಚ್ಚಿದೆ. ಮೀಟರು ಮುನ್ನೂರ ಎಪ್ಪತ್ತು ತೋರಿಸಿತು.

"ಒಂದು ಹಿಡಿ ಅನ್ನಕ್ಕೆ ನಾನು ಅತ್ಗೆ ಮೇಲೆ ಬಿದ್ದೆ, ನೀನಿಲ್ಲಿ ಗೊಂಚಲುಗಟ್ಲೆ ನುಂಗ್ತಿದೀಯ! ಎದೆ ಕೊಯ್ಸ್ಕೋಬೇಕು ಅಂತ ಅಷ್ಟು ಆಸೆನಾ?"

"ತಿನ್ನಲಿಲ್ಲವ್ವ. ವೇಲೆ ಇದು, ಕೆಲಸ."

"ಕೆಲಸಕ್ಕೆ ಒಂದು ಹಣ್ಣು ಸಾಕು. ಅಪ್ಪ ನಿಂಗೆ ಕಲ್ಸಿದ್ದು ಒಂದು ಹಣ್ಣು!"

ಅಣ್ಣ ಸುತ್ತ ನೋಡಿದ. ತೋಟದವನು ದೂರದಲ್ಲಿ ಕ್ರೇಟು ಜೋಡಿಸುತ್ತಿದ್ದ. ಅಣ್ಣ ದನಿ ತಗ್ಗಿಸಿದ. "ಒಂದು ಹಣ್ಣಿಗೆ ಗೊತ್ತಾಗಲ್ಲವ್ವ."

"ಏನ್ ಗೊತ್ತಾಗಲ್ಲ?"

"ಇನಿಪ್ಪು, ಸಿಹಿ. ಹೋದ ವರ್ಷದಿಂದ ನಾಲಗೆ ಮೇಲೆ ಏನೂ ನಿಲ್ಲಲ್ಲ. ಮೊದಲು ನಾಕು ತಿಂದ್ರೆ ಗೊತ್ತಾಗ್ತಿತ್ತು. ಆಮೇಲೆ ಒಂದು ಹಿಡಿ. ಈಗ ಎಷ್ಟು ತಿಂದ್ರೂ ನೀರು ಕುಡ್ದಂಗೆ. ಬಣ್ಣ ನೋಡಿ ಹೇಳ್ಬಿಡ್ತೀನಿ. ಯಾರ ಹತ್ರಾನೂ ಹೇಳ್ಬೇಡ."

ಸಕ್ಕರೆ ಕಾಯಿಲೆ ಹಳೆಯದಾದರೆ ನಾಲಗೆ ಮಂದವಾಗಬಹುದು, ಕೆಲವು ಮಾತ್ರೆಗಳಿಂದಲೂ ಆಗಬಹುದು. ಇದು ನನಗೆ ಗೊತ್ತಿದ್ದ ಸಂಗತಿ. ಎರಡು ತಿಂಗಳು ಅವನ ರಕ್ತ ಹೀರಿದೆನೇ ಹೊರತು ರುಚಿ ಗೊತ್ತಾಗುತ್ತದಾ ಅಂತ ಒಂದು ಮಾತು ಕೇಳಿರಲಿಲ್ಲ. ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಮೇಲಾಯಿತು. ಬಾಯಿಗೆ ಬಂದ ಹಾಗೆ ಬೈದೆ.

ಯಾರಿಗೂ ಹೇಳಬೇಡ ಎಂದಿದ್ದರೂ ಅತ್ತಿಗೆಗೆ ಹೇಳದೆ ಇರಲಾಗಲಿಲ್ಲ. ಅವಳ ಕೈ ಹಿಡಿದು ತಪ್ಪಾಯಿತು ಎಂದೆ, ಎಲ್ಲ ಹೇಳಿದೆ. ಅತ್ತಿಗೆ ಒಲೆಯ ಮೇಲಿನ ಸಾರಿನ ಕಡೆ ತಿರುಗಿದಳು.

"ಹಂಗಾರೆ ನನ್ ಕೈ ಕೆಟ್ಟಿಲ್ಲ?"

ಒಂದು ವರ್ಷದಿಂದ ಅಣ್ಣ ತಟ್ಟೆ ತಳ್ಳಿ, ಸಾರು ಸಪ್ಪೆ, ಉಪ್ಪಿಲ್ಲ, ನಿನ್ನ ಕೈಯಲ್ಲಿ ಈಗ ರುಚಿಯೇ ಇಲ್ಲ ಅನ್ನುತ್ತಿದ್ದನಂತೆ. ತನಗೆ ವಯಸ್ಸಾಯಿತು, ಕೈಯಳತೆ ತಪ್ಪಿತು ಎಂದುಕೊಂಡು ಇವಳು ದಿನವೂ ಉಪ್ಪು ಹೆಚ್ಚಿಸುತ್ತಾ ಹೋಗಿದ್ದಳು. ಅತ್ತ ಡಾಕ್ಟರು ಬಿಪಿ ಮಾತ್ರೆ ಹೆಚ್ಚಿಸುತ್ತಾ ಹೋಗಿದ್ದರು. ನಾನು ಹಣೆ ಹಣೆ ಬಡಿದುಕೊಂಡೆ. ಅತ್ತಿಗೆ ನಕ್ಕಳು, ನಗುತ್ತಲೇ ಅತ್ತಳು.

ಮರುದಿನದಿಂದ ಅಣ್ಣನ ಜೊತೆ ಅತ್ತಿಗೆಯೂ ತೋಟಕ್ಕೆ ಹೊರಟಳು. ಅವನು ತುದಿಯ ಹಣ್ಣು ಕಿತ್ತು ಯಾರಿಗೂ ಕಾಣದಂತೆ ಅವಳ ಕೈಗೆ ಕೊಡುತ್ತಾನೆ. ಅವಳು ಬಾಯಿಗೆ ಹಾಕಿಕೊಂಡು, ತುಟಿ ಅಲ್ಲಾಡಿಸದೆ "ಹುಳಿ" ಎಂದರೆ, ಇವನು ತೋಟದವನಿಗೆ ಕೂಗಿ ಹೇಳುತ್ತಾನೆ: "ಇನ್ನೂ ನಾಕು ದಿನ ಇರ್ಲಿ!" ಈ ವಯಸ್ಸಿನಲ್ಲಿ ಗಂಡ ಹೆಂಡತಿ ಆರೋಗ್ಯಕ್ಕೆಂದು ಜೋಡಿಯಾಗಿ ವಾಕಿಂಗ್ ಹೋಗುತ್ತಾರೆ ಎಂದು ಊರು ಆಡಿಕೊಂಡಿತು.

ಡಾಕ್ಟರ ಕೈಕಾಲು ಹಿಡಿದು ಇನ್ನೂ ಎರಡು ತಿಂಗಳು ಗಡುವು ಪಡೆದೆ. ಗಡುವು ಮುಗಿದಾಗ ಸಕ್ಕರೆ ಇಳಿದಿತ್ತು, ಕೊಬ್ಬು ಇಳಿದಿತ್ತು, ಬಿಪಿ ಹದಕ್ಕೆ ಬಂದಿತ್ತು, ಉರಿಯೂತದ ಪರೀಕ್ಷೆಯೂ ಚೆನ್ನಾಗಿ ಬಂತು. ಸದ್ಯಕ್ಕೆ ಎದೆ ತೆರೆಯುವುದು ಬೇಡ, ಮಾತ್ರೆಯಲ್ಲೇ ನೋಡೋಣ ಎಂದರು ಡಾಕ್ಟರು. ಆಸ್ಪತ್ರೆಯ ಬಾಗಿಲಲ್ಲೇ ನಾನು ಅಣ್ಣನ ಬೆನ್ನಿಗೆ ಎರಡು ಗುದ್ದಿದೆ, ಅಷ್ಟು ಸಂತೋಷ.

"ಸರಿ," ಎಂದ ಅಣ್ಣ. "ನಾಲಗೆ?"

"ಬರಬಹುದು, ಬರದೇನೂ ಇರಬಹುದು. ಎದೆ ಉಳೀತು ಅಂತ ಕುಣೀತಿದೀನಿ, ನೀ ನಾಲಗೆ ಕೇಳ್ತೀಯಲ್ಲ!"

"ಎದೆ ಇದ್ರೆ ನಾನು ಬದುಕಿರ್ತೀನಿ ಅವ್ವಾ, ಸರಿ. ಆದ್ರೆ ನಾಕು ತೋಟದವರು ಕೂಗೋದು ನನ್ನ ನಾಲಗೇನ."

ಇಂಥವನಿಗೆ ಏನು ಹೇಳುವುದು? ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವಳು, ನಾಲಗೆಯ ಡಾಕ್ಟರು ಎಲ್ಲಿ ಕೂರುತ್ತಾರೆಂದು ಕೇಳಲು ತಿರುಗಿ ಆಸ್ಪತ್ರೆಯ ಒಳಗೆ ನಡೆದೆ.