ರೆಸ್ಟಿ ತಿನ್ನದ ಮಿಡತೆ

ಪೊನ್ಸಿಯಾನೊ ಎಂದು ಕೇಳಿದರೆ ಮಸಾಕಾ ಪೇಟೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅವಳಿ ಮಕ್ಕಳ ಅಪ್ಪನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಸಾಲೊಂಗೊ. ಈ ಮುದುಕ ವಾರವಿಡೀ ಮಾವಿನ ಮರದಡಿ ಸೈಕಲ್ ಪಂಕ್ಚರ್ ಹಾಕುತ್ತಾನೆ. ಶನಿವಾರ ಮಾತ್ರ ರಾಜನೇ ಬಂದು ಕರೆದರೂ ಸಿಗುವುದಿಲ್ಲ. ಅವತ್ತು ಅವನಿರುವುದು ಗುಡ್ಡದ ಮೇಲಿನ ಅನಾಥಾಲಯದಲ್ಲಿ.

ಅಲ್ಲಿ ಮುರಿದ ಮಂಚ ಸರಿಮಾಡುವುದು, ನಲ್ಲಿ ಬಿಗಿಮಾಡುವುದು ಎಲ್ಲ ಬರೀ ನೆಪ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಹೆಸರೇನು? ಅಪ್ಪ ಯಾರು, ಅಜ್ಜ ಯಾರು? ಯಾವ ಬೆಡಗು? ನಿಮ್ಮೋರು ಏನು ತಿನ್ನಲ್ಲ?" ಎಂದು ಕೇಳುತ್ತಾನೆ. ಗಾಂಡಾ ಜನರಲ್ಲಿ ಒಂದೊಂದು ಬೆಡಗಿಗೆ, ಅಂದರೆ ಕುಲಕ್ಕೆ, ಒಂದೊಂದು ಪ್ರಾಣಿಯದೋ ಗಿಡದ್ದೋ ಹೆಸರು; ಆ ಬೆಡಗಿನವರು ಅದನ್ನು ತಿನ್ನುವಂತಿಲ್ಲ. ಇಷ್ಟು ಹೇಳಲಾರದವನು ದಿಕ್ಕಿಲ್ಲದವನೇ ಸರಿ. ಉತ್ತರ ಗೊತ್ತಿಲ್ಲದ ಮಕ್ಕಳಿಗಾಗಿ ಅವನು ಏಳು ವರ್ಷ ಸೈಕಲ್ ತುಳಿದ, ಸಂತೆಯ ಮುದುಕಿಯರ ಕಾಲು ಹಿಡಿದ, ಒಬ್ಬೊಬ್ಬರ ಬೆಡಗನ್ನೂ ಹುಡುಕಿ ತಂದ. ಓದು ಬರಹ ಅಷ್ಟಕ್ಕಷ್ಟೇ; ಆದರೆ ಇಂಥ ಕೆಲಸ ಓದಿದ ಯಾರ ಕೈಯಲ್ಲೂ ಆಗಿರಲಿಲ್ಲ.

ಸಿಗದೆ ಉಳಿದದ್ದು ರೆಸ್ಟಿಯದೊಂದೇ. ಹಸುಗೂಸಾಗಿ ಬಸ್ ನಿಲ್ದಾಣದಲ್ಲಿ ಸಿಕ್ಕವಳಿಗೆ ಈಗ ಎಂಟು ವರ್ಷ. ಊಟಕ್ಕೆ ಕೂತಾಗ ಒಬ್ಬ ಮೀನು ಸರಿಸುತ್ತಾನೆ, ಇನ್ನೊಬ್ಬಳು ಅಣಬೆ ಎತ್ತಿಡುತ್ತಾಳೆ. ರೆಸ್ಟಿ ಎಲ್ಲ ತಿನ್ನುತ್ತಾಳೆ.

"ಇವಳಿಗೇನು ಬಿಡಿ, ಮೇಕೆ ಥರ. ಸಿಕ್ಕಿದ್ದೆಲ್ಲ ಮೇಯ್ತಾಳೆ," ಎಂದು ಕಾಟೊ ಎಂಬ ತುಂಟ ದಿನಾ ಅಣಕಿಸುತ್ತಿದ್ದ.

"ಸಾಲೊಂಗೋ, ನಂಗೂ ಏನಾದ್ರೂ ಒಂದು ತಿನ್ನಬಾರದು ಅಂತ ಹೇಳು," ಎಂದು ಅವಳು ಒಮ್ಮೆ ಬೇಡಿಕೊಂಡಿದ್ದಳು. ಮರುದಿನವೇ ಅವನು ಸೈಕಲ್ ಹತ್ತಿದ.

ಅವಳನ್ನು ಸೇರಿಸಿಕೊಳ್ಳಿ ಎಂದು ತನ್ನ ಬೆಡಗಿನ ಹಿರಿಯರ ಅಂಗಳಕ್ಕೆ ಹೋಗಿ ಮೂರು ಭಾನುವಾರ ಕೂತ. "ಹಂಚೋಕೆ ಬೆಡಗು ಏನು ಬಾಳೆಗೊನೆಯೇನಯ್ಯಾ?" ಎಂದು ಅವರು ಗದರಿದರು. ಮೂರನೆಯ ಸಲ ಕಾಫಿಬೀಜ ಅಗಿಯುತ್ತ, "ಮಗಳು ಅಂತೀಯಾದ್ರೆ ಆಯ್ತು. ಬರೀ ಹೆಸರಿಗಲ್ಲ, ಮನೆಮಗಳು," ಎಂದರು. ಮಾತು ಮುಗಿಯುವ ಮೊದಲೇ ಇವನು ಹೂಂ ಅಂದಿದ್ದ. ಮನೆಯಲ್ಲಿ ಹೆಂಡತಿ ಆಗಲೇ ಇನ್ನೊಂದು ಚಾಪೆ ಕೊಡವಿಟ್ಟಿದ್ದಳು.

ಖುಷಿಯಲ್ಲಿ ಒಂದು ಮಾತು ಮರೆತೇಹೋಗಿತ್ತು. ಅವನದು ಮಿಡತೆ ಬೆಡಗು, ಅವರು ಮಿಡತೆಯನ್ನು ಬಾಯಿಗಿಡುವಂತಿಲ್ಲ. ನವೆಂಬರ್ ಎಂದರೆ ಮಿಡತೆಯ ಸುಗ್ಗಿ. ರೆಸ್ಟಿಗೋ ಹುರಿದ ಮಿಡತೆಯೆಂದರೆ ಪ್ರಾಣ. ವರ್ಷವಿಡೀ ಅದಕ್ಕೇ ಕಾಯುವವಳು.

ಶನಿವಾರ ಗೇಟು ದಾಟುವಾಗಲೇ ಅವನಿಗೆ ಅದು ನೆನಪಾಯಿತು. ಅಂಗಳದಲ್ಲಿ ಚೀಲ ಸುರಿದುಕೊಂಡು ಮಕ್ಕಳೆಲ್ಲ ಮಿಡತೆಯ ರೆಕ್ಕೆ ಕೀಳುತ್ತಿದ್ದರು. ಎಲ್ಲರಿಗಿಂತ ಚುರುಕು ರೆಸ್ಟಿಯ ಕೈ. ಅವಳ ಮುಖ ನೋಡಿದ ಮುದುಕ, ಪಾಪ, ಇವತ್ತೊಂದಿನ ತಿನ್ನಲಿ, ಮುಂದಿನ ವಾರ ಹೇಳಿದರಾಯಿತು ಎಂದುಕೊಂಡು ತಾನೂ ರೆಕ್ಕೆ ಕೀಳಲು ಕೂತ.

ಈರುಳ್ಳಿ ಹಾಕಿ ಹುರಿದ ಘಮಕ್ಕೆ ಮಕ್ಕಳು ಬಾಣಲೆಯನ್ನೇ ಮುತ್ತಿದರು. ರೆಸ್ಟಿ ತಟ್ಟೆ ತುಂಬಿಸಿಕೊಂಡು ಬಂದು ಸಾಲೊಂಗೊನ ಪಕ್ಕ ಕೂತಳು. ಅಷ್ಟರಲ್ಲಿ ಮೇಲ್ವಿಚಾರಕಿ ಪರ್ಪೆಟುವಾ ಅಡುಗೆಮನೆಯಿಂದಲೇ ಕೂಗಿದಳು.

"ಏನ್ರೀ ಸಾಲೊಂಗೊ, ರೆಸ್ಟೀನ ನಿಮ್ಮ ಬೆಡಗಿಗೆ ಸೇರಿಸ್ಕೊಳ್ಳೋಕೆ ಹಿರಿಯರು ಒಪ್ಪಿದ್ರಾ?"

ಬಾಯಿಗೆ ಹೊರಟಿದ್ದ ರೆಸ್ಟಿಯ ಕೈ ಅರ್ಧದಲ್ಲೇ ನಿಂತಿತು.

"ಒಪ್ಪಿದ್ರು," ಎಂದ ಮುದುಕ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. "ನೀನಿನ್ನು ನನ್ನ ಮಗಳು. ಆದ್ರೆ ಕಟ್ಟುಪಾಡು ಮುಂದಿನ ವಾರದಿಂದ ಕಣೆ. ಇವತ್ತು ತಿನ್ನು ಮಗಾ, ಯಾರೂ ಏನೂ ಅನ್ನಲ್ಲ."

ರೆಸ್ಟಿ ತಟ್ಟೆ ನೋಡಿದಳು. ಎಂಜಲು ನುಂಗಿದಳು. ಹಿಡಿಯಲ್ಲಿದ್ದದ್ದನ್ನು ತಟ್ಟೆಗೆ ಹಾಕಿ, ಬೆರಳಿಗಂಟಿದ್ದನ್ನು ಲಂಗಕ್ಕೆ ಒರೆಸಿದಳು. ಹೋಗಿ ತಟ್ಟೆಯನ್ನು ಕಾಟೊನ ಮುಂದೆ ಇಟ್ಟಳು.

"ಯಾಕೆ, ಮೇಕೆಗೆ ಹೊಟ್ಟೆನೋವಾ?" ಎಂದ ಅವನು, ಆಗಲೇ ಬಾಯಿತುಂಬ ತುಂಬಿಕೊಂಡು.

"ಹೊಟ್ಟೆನೋವಲ್ಲ ಕಣೋ," ಎಂದಳು ರೆಸ್ಟಿ, ಗುಡ್ಡದ ಕೆಳಗಿನವರಿಗೂ ಕೇಳಿಸುವಂತೆ. "ನಮ್ಮನೇಲಿ ಇದನ್ನ ತಿನ್ನಲ್ಲ."