ಹಿಂದಿನ ಸೀಟಿನವಳು

ಗಂಡ ಸತ್ತವಳು ಟ್ಯಾಕ್ಸಿ ಹತ್ತಿದರೆ ಹಿಂದಿನ ಸೀಟಿಗೇ ಹೋಗಬೇಕು. ಮ್ದಾಂತ್ಸಾನೆ ಊರಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಪ್ಪು ಲಂಗ, ಕಪ್ಪು ಹೊದಿಕೆ, ಕಪ್ಪು ತಲೆಬಟ್ಟೆ ಕಂಡ ಕೂಡಲೇ ಹತ್ತಾರು ಜನ ಒಟ್ಟಿಗೆ ಹೋಗುವ ಆ ಟ್ಯಾಕ್ಸಿ ವ್ಯಾನಿನಲ್ಲಿದ್ದವರೆಲ್ಲ ಮೊಣಕಾಲು ಒತ್ತಟ್ಟಿಗೆ ಎಳೆದುಕೊಳ್ಳುತ್ತಾರೆ, ಆ ಬಟ್ಟೆ ತಾಕದ ಹಾಗೆ. ಮುಂದೆ ಡ್ರೈವರನ ಪಕ್ಕ ಕೂರುವವರು ಎಲ್ಲರ ಚಾರ್ಜು ಇಸಿದುಕೊಂಡು ಚಿಲ್ಲರೆ ಹಂಚಬೇಕು. ಕಪ್ಪು ಉಟ್ಟವಳ ಕೈಯಿಂದ ಚಿಲ್ಲರೆ ಯಾರು ಇಸಿದುಕೊಳ್ಳುತ್ತಾರೆ? ಒಂದು ವರ್ಷ ಹೀಗೆ. ಗಟ್ಟಿಯಾಗಿ ಮಾತಾಡಬಾರದು, ಬಿರಬಿರನೆ ನಡೆಯಬಾರದು, ಯಾರನ್ನೂ ದಾಟಿ ಮುಂದೆ ಹೋಗಬಾರದು.

ಮಾಭೇಲೆ ಆ ಕಪ್ಪಿನಲ್ಲೇ ಮ್ಯಾರಥಾನ್ ಓಡಿದಳು.

ಅವಳ ಗಂಡ ಟ್ಯಾಕ್ಸಿ ಡ್ರೈವರ್. ನಲವತ್ತು ದಾಟುವ ತನಕ ಅಕ್ಷರ ಬರುತ್ತಿರಲಿಲ್ಲ ಅವನಿಗೆ. ಬೋರ್ಡು ಓದದೆ, ಮರ, ಅಂಗಡಿ, ಚರ್ಚು ನೋಡಿಕೊಂಡೇ ಗಾಡಿ ಓಡಿಸಿದ. ಆಮೇಲೆ ಟ್ಯಾಕ್ಸಿ ನಿಲ್ದಾಣದ ಮೂಲೆಯಲ್ಲಿ ಒಂದು ಹಳೇ ಕಂಟೇನರಿಗೆ ಕಿಟಕಿ ಕೊರೆದು, ಫೆಲಿಸ್ವಾ ಅನ್ನುವ ಮೇಡಂ ಓದಿನ ಮನೆ ಶುರುಮಾಡಿದಳು. ಬೆಳಿಗ್ಗೆ ಸ್ಕೂಲು ಬಿಟ್ಟ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಅವನು ಅಲ್ಲಿ ಕೂತು ಓದಲು ಕಲಿತ. ಕಲಿತ ವರ್ಷವೇ ಓದಿನ ಮನೆಗೆ ದುಡ್ಡು ಕೂಡಿಸಲು ಮ್ಯಾರಥಾನ್ ಓಡಿದ. ಓಡಿದ ಕಿಲೋಮೀಟರಿಗೆ ಇಷ್ಟು ದುಡ್ಡು ಅಂತ ಡ್ರೈವರುಗಳು, ನಿಲ್ದಾಣದ ಯಜಮಾನ, ಎಲ್ಲ ಮಾತು ಕೊಟ್ಟರು. ಅಂದಿನಿಂದ ಪ್ರತಿ ವರ್ಷ ಓಡಿದ. ಓದಿನ ಮನೆ ಬಾಡಿಗೆ, ಮಕ್ಕಳ ಪುಸ್ತಕ, ಎಲ್ಲಾ ಆ ದುಡ್ಡಿನಲ್ಲೇ.

ಈ ವರ್ಷವೂ ಹೆಸರು ಕೊಟ್ಟಿದ್ದ. ಒಂದು ಸಂಜೆ ನೀರು ಕುಡಿದು ಲೋಟ ಕೆಳಗಿಟ್ಟ. ಅಲ್ಲೇ ಕುಸಿದ. ಅಷ್ಟೆ.

ಮಣ್ಣು ಮಾಡಿ ತಿಂಗಳಾಗಿರಲಿಲ್ಲ, ನಿಲ್ದಾಣದ ಯಜಮಾನ ಮಾಕೆಲೆನಿ ಕಂಟೇನರಿನ ಸುತ್ತ ಹೆಜ್ಜೆ ಹಾಕಿ ಅಳತೆ ಮಾಡಿದ. ಟಯರ್ ಇಡೋಕೆ ಅದು ಚೆನ್ನಾಗಿದೆ ಅಂದ. ಫೆಲಿಸ್ವಾ ಅಳುತ್ತಾ ಮಾಭೇಲೆಯ ಮನೆಗೆ ಬಂದಳು.

ಮಾಭೇಲೆ ಹಿಂದಿನ ಸೀಟಿನಲ್ಲಿ ಕೂತು ನಿಲ್ದಾಣಕ್ಕೆ ಹೋದಳು. ಗಂಡ ಇದ್ದಾಗ ಅಲ್ಲೇ ಕರಿದ ಹಿಟ್ಟಿನುಂಡೆ ಮಾರುತ್ತಿದ್ದವಳು ಅವಳು. ಮಾಕೆಲೆನಿ ಅವಳ ಹತ್ತಿರ ಸಾಲ ಹೇಳಿ ತಿಂದವನೇ. ಈಗ ಎರಡು ಮಾರು ದೂರ ನಿಂತ.

"ಯಜಮಾನ್ರೆ, ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಟ್ಟಿದ್ರಲ್ಲ."

"ಕೊಟ್ಟಿದ್ದೆ. ಓಡೋನು ಹೋದನಲ್ಲಮ್ಮ."

"ನಾನು ಓಡ್ತೀನಿ."

ಬಾನೆಟ್ ಮೇಲೆ ಕೂತಿದ್ದ ಡ್ರೈವರುಗಳು ನಕ್ಕರು. "ಹಿಟ್ಟಿನುಂಡೆ ಉರುಳಿಕೊಂಡೇ ಹೋಗಿಬಿಡುತ್ತೆ ಬಿಡಿ," ಅಂದ ಒಬ್ಬ.

ಮಾಕೆಲೆನಿಯೂ ನಕ್ಕ. "ಓಡು ಹಾಗಾದ್ರೆ. ಪೂರ್ತಿ ಓಡ್ಬೇಕು. ಒಂದು ಕಿಲೋಮೀಟರ್ ಕಡಿಮೆ ಆದ್ರೂ ಕಂಟೇನರು ನನ್ನ ಟಯರಿಗೆ."

"ಆಯ್ತು," ಅಂದಳು.

ಭಾವ ಬೊನಾಕೆಲೆಗೆ ಸುದ್ದಿ ಮುಟ್ಟಿತು. ಗಂಡನ ಅಣ್ಣ, ಮನೆಗೆ ಹಿರಿಯ. ಬಂದವನು ಕೂರಲೂ ಇಲ್ಲ.

"ನಿಂಗೆ ತಲೆ ಕೆಟ್ಟಿದೆಯಾ? ಕಪ್ಪು ಉಟ್ಕೊಂಡು ಬೀದೀಲಿ ಓಡ್ತೀಯಾ? ಜನ ಏನಂತಾರೆ?"

"ಜನ ಕಂಟೇನರಿನ ಬಾಡಿಗೆ ಕಟ್ತಾರಾ, ಭಾವ?"

"ಓಡಿದ್ರೆ ನಿನ್ನ ಕಪ್ಪು ಬಿಚ್ಚಿಸೋಕೆ ನಮ್ಮನೆಯವರು ಬರಲ್ಲ. ನೋಡ್ಕೋ."

ವರ್ಷ ತುಂಬಿದಾಗ ಕಪ್ಪು ಬಿಚ್ಚಿಸುವವರು ಗಂಡನ ಕಡೆಯವರು. ಅವರು ಬರದಿದ್ದರೆ ಹೆಣ್ಣು ಕಪ್ಪಿನಲ್ಲೇ ಉಳಿಯುತ್ತಾಳೆ. ಮಾಭೇಲೆಗೆ ಗೊತ್ತಿತ್ತು. ಒಲೆಯ ಮೇಲೆ ಜೋಳ, ಅವರೆಕಾಳು ಬೇಯುತ್ತಿತ್ತು. ತಟ್ಟೆಗೆ ಹಾಕಿ ಅವನ ಮುಂದಿಟ್ಟಳು.

"ತಿಂದು ಹೋಗಿ. ಬಿಸಿ ಇದೆ."

ತಿಂದ. ಹೋದ.

ಬೀದಿಯಲ್ಲಿ ಓಡಿ ಅಭ್ಯಾಸ ಮಾಡುವ ಹಾಗಿರಲಿಲ್ಲ. ಮನೆ ಸುತ್ತ ಓಡಿದಳು. ಬೇಲಿ, ನಲ್ಲಿ, ಕೋಳಿಗೂಡು, ಬಾಗಿಲು, ಮತ್ತೆ ಬೇಲಿ. ಮೊದಮೊದಲು ಕೋಳಿಗಳು ಕೂಗಿಕೊಂಡು ಹಾರಿದವು. ಆಮೇಲೆ ಅವೇ ದಾರಿ ಬಿಟ್ಟವು. ಮಣ್ಣಿನಲ್ಲಿ ಮನೆ ಸುತ್ತ ಒಂದು ಜಾಡು ಬಿತ್ತು.

ಬೇಲಿಯಾಚೆಯ ಮುದುಕಿ ಕೇಳಿದಳು, "ಏನಮ್ಮ, ಏನಾದ್ರೂ ಕಳಕೊಂಡ್ಯಾ?"

"ಹೂಂ."

"ಸಿಕ್ತಾ?"

"ಇಲ್ಲ. ಇನ್ನೊಂದು ಸುತ್ತು ನೋಡ್ತೀನಿ."

ಓಡುವಾಗ ಗಂಡನ ಜೊತೆ ಜಗಳ ಆಡಿದಳು. ಲೋಟ ಇಟ್ಟು ಬಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತಾ. ಅಭ್ಯಾಸ ಮಾಡುವಾಗ ನನ್ನನ್ನೂ ಕರೆದುಕೊಂಡು ಹೋಗಬಾರದಿತ್ತಾ. ನಾನೂ ಓದು ಕಲಿಯುತ್ತೇನೆ ಅಂದಾಗ ಆ ಎಣ್ಣೆ ಬಾಣಲೆ ಯಾರು ನೋಡುತ್ತಾರೆ ಅಂದೆಯಲ್ಲ. ಅತ್ತುಕೊಂಡು ಓಡಿದರೆ ಉಸಿರು ಸಾಲುವುದಿಲ್ಲ ಅಂತ ಬೇಗ ಗೊತ್ತಾಯಿತು. ಅಳುವುದನ್ನು ಓಡಿ ಮುಗಿಸಿದ ಮೇಲೆ ಇಟ್ಟುಕೊಂಡಳು.

ಫೆಲಿಸ್ವಾ ಓಟದ ಆಫೀಸಿಗೆ ಹೋಗಿ ಅವನ ಜಾಗ ಇವಳಿಗೆ ಬದಲಾಯಿಸಿಕೊಂಡು ಬಂದಳು. ಎದೆಗೆ ಚುಚ್ಚಿಕೊಳ್ಳುವ ನಂಬರಿನ ಬಟ್ಟೆ ಮೊದಲೇ ಅಚ್ಚಾಗಿ ಹೋಗಿತ್ತು. ಮಾಭೇಲೆಗೆ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಅಂಕಿ ನೋಡಿದಳು. ಹೊದಿಕೆಗೆ ಹಾಕುವ ದೊಡ್ಡ ಪಿನ್ನಿನಲ್ಲೇ ಅದನ್ನೂ ಸಿಕ್ಕಿಸಿಕೊಂಡಳು.

ಓಟದ ದಿನ ಎಲ್ಲರಿಗಿಂತ ಹಿಂದೆ ನಿಂತಳು. ಪಕ್ಕದವರು ಸರಿದು ಜಾಗ ಬಿಟ್ಟರು. ಒಳ್ಳೆಯದೇ ಆಯಿತು, ಯಾರ ಮೊಣಕೈಯೂ ತಾಕಲಿಲ್ಲ. ಮ್ದಾಂತ್ಸಾನೆಯಿಂದ ಇಳಿದು ಸಮುದ್ರದ ತನಕ ಹೋಗಿ, ತಿರುಗಿ, ಅದೇ ಏರು ಹತ್ತಿ, ನಿಲ್ದಾಣದ ಪಕ್ಕದ ಮೈದಾನಕ್ಕೆ ಬರಬೇಕು. ಇಳಿಜಾರಿನಲ್ಲಿ ಲಂಗ ಕಾಲಿಗೆ ಸುತ್ತಿಕೊಂಡಿತು. ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಮೊದಲ ಕೂಗು ಬಂದದ್ದು ಅಲ್ಲೇ.

"ವುಕಿಲೆ! ಹೋಗು ವುಕಿಲೆ!"

ಮಾಭೇಲೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ವುಕಿಲೆ, ಬಿಡಬೇಡ!"

ಅದು ಗಂಡನ ಹೆಸರು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಬಂದದ್ದಿಲ್ಲ, ಹೆಂಡತಿ ಹೇಳುವ ಹಾಗಿಲ್ಲ. ಸತ್ತ ಮೇಲೆ ಮನೆಯಲ್ಲಿ ಬೇರೆ ಯಾರೂ ಹೇಳಿರಲಿಲ್ಲ. ಯಾರೋ ಗೇಲಿ ಮಾಡುತ್ತಿದ್ದಾರೆ ಅಂದುಕೊಂಡಳು. ಕಿತ್ತಳೆ ಮಾರುವವಳ ಮುಂದೆ ನಿಂತೇಬಿಟ್ಟಳು.

"ಯಾಕೆ ಆ ಹೆಸರು ಕೂಗ್ತೀಯಾ?"

"ಅಯ್ಯೋ, ನಿನ್ನ ಎದೆ ಮೇಲೆ ಬರ್ದಿದ್ಯಲ್ಲಕ್ಕ! ತಗೋ, ಕಿತ್ತಳೆ."

ಬಗ್ಗಿ ನೋಡಿಕೊಂಡಳು. ಅಕ್ಷರ ತಲೆಕೆಳಗಾಗಿ ಕಂಡವು. ನೆಟ್ಟಗೆ ಕಂಡಿದ್ದರೂ ಅಷ್ಟೇ ಆಗಿರುತ್ತಿತ್ತು.

ಅವರ ಮಾತಿನಲ್ಲಿ ವುಕಿಲೆ ಅಂದರೆ ಎದ್ದಿದ್ದಾನೆ ಅಂತ. ರಸ್ತೆಯುದ್ದಕ್ಕೂ ಜನ ಅದನ್ನೇ ಕೂಗಿದರು. ಎದ್ದಿದ್ದಾನೆ, ಎದ್ದಿದ್ದಾನೆ. ಅವಳಿಗೆ ಸಿಟ್ಟು ಬಂತು. ಎಲ್ಲಿ ಎದ್ದ? ಮಣ್ಣಿನಲ್ಲಿ ಆರಾಮಾಗಿ ಮಲಗಿದ್ದಾನೆ. ಎದ್ದಿರುವವಳು ನಾನು. ಆ ಸಿಟ್ಟಿನಲ್ಲೇ ಸಮುದ್ರ ಮುಟ್ಟಿ ತಿರುಗಿದಳು. ಹಾಗೇ ಮೂರು ಜನರನ್ನು ದಾಟಿದಳು. ದಾಟಬಾರದು ಅನ್ನುವುದು ನೆನಪಿತ್ತು. ದಾಟಿದಳು.

ಏರಿನಲ್ಲಿ ಬೊನಾಕೆಲೆಯ ಕಾರು ಪಕ್ಕಕ್ಕೆ ಬಂತು.

"ಹತ್ತು. ಸಾಕು ಮರ್ಯಾದೆ ಕಳೆದದ್ದು. ಕಾರು ಹತ್ತು."

"ಹಿಂದಿನ ಸೀಟಿಗಾ, ಭಾವ?"

"ಮಾಭೇಲೆ!"

"ಹೊಗೆ ಆ ಕಡೆ ಬಿಡಿ. ಉಸಿರು ಕಟ್ಟುತ್ತೆ."

ಅವನು ಕಾರು ನಿಲ್ಲಿಸಿ ಇಳಿದ. ಚರ್ಚಿನ ಬೂಟು, ಕೋಟು. ಜೊತೆಗೇ ಹೆಜ್ಜೆ ಹಾಕುತ್ತಾ ಬೈದ. ಸ್ವಲ್ಪ ಹೊತ್ತಿಗೆ ಬೈಗುಳದ ನಡುವೆ ಏದುಸಿರು ಬಂತು. ಆಗ ರಸ್ತೆ ಬದಿಯ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು, "ವುಕಿಲೆ! ವುಕಿಲೆ!"

ಬೊನಾಕೆಲೆಯ ಬೈಗುಳ ನಿಂತಿತು. ಅವನ ತಮ್ಮ. ತಾನು ಹೆಗಲ ಮೇಲೆ ಹೊತ್ತು ತಿರುಗಿಸಿದ ತಮ್ಮ.

ಒಂದಷ್ಟು ದೂರ ಬಂದ. ಆಮೇಲೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಒಪ್ಪಿದ್ದೀನಿ ಅಂದ್ಕೋಬೇಡ," ಅಂದ.

"ಅಂದ್ಕೊಂಡಿಲ್ಲ. ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡಿ."

ಮೈದಾನದ ಗೇಟು ಕಂಡಾಗ ಗುಂಡಿನ ಸದ್ದಾಯಿತು. ಸಮಯ ಮುಗಿಯಿತು ಅಂತ ಅರ್ಥ. ಅವಳು ಒಳಗೆ ಬರುವಷ್ಟರಲ್ಲಿ ಓಟ ಮುಗಿಯುವ ಗೆರೆಯಲ್ಲಿ ನೆಲಕ್ಕೆ ಹಾಸಿದ್ದ ಚಾಪೆಯನ್ನು ಸುತ್ತುತ್ತಿದ್ದರು. ಪದಕ ಕೊಡುವವರು ಡಬ್ಬಿ ಮುಚ್ಚಿದ್ದರು. ಚಾಪೆ ಇದ್ದ ಜಾಗದಲ್ಲಿ ಹುಲ್ಲು ಒತ್ತಿಹೋಗಿ ಹಳದಿಯಾಗಿತ್ತು. ಅದನ್ನು ದಾಟಿ ನಿಂತಳು.

ಮಾಕೆಲೆನಿ ಡ್ರೈವರುಗಳ ಜೊತೆ ಅಲ್ಲೇ ಇದ್ದ. "ಪಾಪ, ಕಷ್ಟಪಟ್ಟೆ ಕಣಮ್ಮ. ಆದ್ರೆ ಗುಂಡು ಹಾರಿಹೋಯ್ತು. ಲೆಕ್ಕಕ್ಕಿಲ್ಲ."

ಮಾಭೇಲೆ ಮೊಣಕಾಲ ಮೇಲೆ ಕೈಯಿಟ್ಟು ಉಸಿರು ಎಳೆದುಕೊಂಡಳು. ಆಮೇಲೆ ನೆಟ್ಟಗೆ ನಿಂತಳು. ಒಂದು ವರ್ಷ ಗಟ್ಟಿಯಾಗಿ ಮಾತಾಡಬಾರದವಳು ಇಡೀ ಮೈದಾನಕ್ಕೆ ಕೇಳುವ ಹಾಗೆ ಮಾತಾಡಿದಳು.

"ಯಜಮಾನ, ನಿನ್ನ ಟ್ಯಾಕ್ಸಿ ದಾರೀಲಿ ಕೆಟ್ಟು ನಿಲ್ಲುತ್ತೆ. ಟಯರ್ ಒಡೆಯುತ್ತೆ. ನಿನ್ನ ಡ್ರೈವರು ಹುಡುಗೀರ ಹತ್ರ ಹರಟೆ ಹೊಡೀತಾ ನಿಲ್ತಾನೆ. ಕೆಲಸಕ್ಕೆ ತಡ ಆಗಿ ನಾವು ಬೈಸ್ಕೋತೀವಿ. ಯಾವತ್ತಾದ್ರೂ ಚಾರ್ಜು ಕಡಿಮೆ ತಗೊಂಡಿದ್ದೀಯಾ?"

ಮಾಕೆಲೆನಿ ಬಾಯಿ ತೆರೆದ.

"ದೂರಕ್ಕೆ ದುಡ್ಡು ಅಂತೀಯ. ಹೊತ್ತಿಗಲ್ಲ ಅಂತೀಯ. ನಿನ್ನ ಬೋರ್ಡಲ್ಲೂ ಹಾಗೇ ಬರ್ದಿದೆ ಅಂತ ನನ್ನ ಗಂಡ ಓದಿ ಹೇಳಿದ್ದ. ಹಿಂದಿನ ಸೀಟಲ್ಲಿ ಕೂತೋಳು ಕೊನೆಗೆ ಇಳೀತಾಳೆ. ಇಳಿದಿದ್ದೀನಿ. ಎಲ್ಲಿ ದುಡ್ಡು?"

ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಹಿಟ್ಟಿನುಂಡೆ ಅಂದವನು ಎಲ್ಲರಿಗಿಂತ ಮೊದಲು ಜೇಬಿಗೆ ಕೈ ಹಾಕಿದ. ಬರಿಗಾಲಿನಲ್ಲಿ ಕುಂಟುತ್ತಾ ಬಂದ ಬೊನಾಕೆಲೆ ಮಾಕೆಲೆನಿಯ ಎದುರು ನಿಂತ.

"ಅವಳು ಓಡಿದ್ದು ತಪ್ಪು. ಅದು ನಮ್ಮನೆ ಮಾತು, ನಾವು ನೋಡ್ಕೋತೀವಿ. ನೀನು ದುಡ್ಡು ಕೊಡು."

ಮಾಕೆಲೆನಿ ಫೆಲಿಸ್ವಾಳ ಕೈಗೆ ಕೊಟ್ಟ. ಗೊಣಗಿಕೊಂಡೇ ಕೊಟ್ಟ.

ಬೊನಾಕೆಲೆಯ ಕಾರು ಏರಿನಲ್ಲೇ ಉಳಿದಿತ್ತು. ಇಬ್ಬರೂ ಟ್ಯಾಕ್ಸಿ ಹತ್ತಲು ಹೋದರು. ಒಳಗಿದ್ದವರು ಮೊಣಕಾಲು ಎಳೆದುಕೊಂಡು ಹಿಂದಿನ ಸೀಟಿಗೆ ದಾರಿ ಬಿಟ್ಟರು. ಮಾಭೇಲೆ ಮೆಟ್ಟಿಲಿಗೆ ಕಾಲೆತ್ತಿ ನೋಡಿದಳು. ಕಾಲು ಏಳಲಿಲ್ಲ.

"ಅಷ್ಟು ಹಿಂದೆ ನುಗ್ಗೋಕೆ ನನ್ನ ಕೈಲಾಗಲ್ಲ," ಅಂದಳು. ಬೊನಾಕೆಲೆಯನ್ನು ನೋಡಿದಳು. "ನೀವು ಹೋಗಿ ಭಾವ, ಹಿಂದೆ."

ಮುಂದಿನ ಬಾಗಿಲು ತೆಗೆದು ಡ್ರೈವರನ ಪಕ್ಕ ಕೂತಳು. ಗಾಡಿ ಹೊರಟಿತು. ಮಾಭೇಲೆ ತಿರುಗದೆ ಹೆಗಲ ಮೇಲಿಂದ ಹಿಂದಕ್ಕೆ ಕೈ ಚಾಚಿದಳು. ಅಂಗೈಯಲ್ಲಿ ಕಿತ್ತಳೆಯ ಅಂಟು ಇನ್ನೂ ಇತ್ತು. ಕೈ ಹಾಗೇ ಇತ್ತು. ತೆಗೆಯಲಿಲ್ಲ.

ಎರಡನೇ ತಿರುವಿನಲ್ಲಿ ಯಾರದೋ ಬೆರಳು ತಾಕಿತು. ಆಮೇಲೆ ನಾಣ್ಯ.

"ಇಬ್ಬರದು, ಅಕ್ಕ," ಅಂತು ಹಿಂದಿನ ದನಿ. "ಚಿಲ್ಲರೆ ಕೊಡಿ."